ಮೊದಲ ಮ್ಯಾರಥಾನ್‌ಗೆ ತಯಾರಿ: ಮೊದಲು ಬ್ರೇಕ್ ಹಿಡಿಯಲು ಕಲಿಯಿರಿ

ಹೊಸದಾಗಿ ಓಡಲು ಶುರು ಮಾಡಿದವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಏದುಸಿರು ಬರುತ್ತೆ, ಇನ್ನು 42 ಎಲ್ಲಿಂದ ಓಡಲಿ?" ಅವರ ಎದೆಯಲ್ಲಿ ತೊಂದರೆ ಇಲ್ಲ, ಕಾಲಲ್ಲೂ ಇಲ್ಲ. ಓಡುತ್ತಿರುವ ವೇಗದಲ್ಲಿ ಇದೆ. ಸ್ಕೂಲಿನಲ್ಲಿ ಓಟ ಅಂದರೆ ಶಿಳ್ಳೆ ಊದಿದ ಕೂಡಲೇ ಜೀವ ಬಿಟ್ಟು ಓಡುವುದು ಅಂತ ಕಲಿತಿರುತ್ತೇವೆ, ಆ ಪಾಠ ಎಷ್ಟು ವರ್ಷವಾದರೂ ತಲೆಯಿಂದ ಹೋಗಿರುವುದಿಲ್ಲ. ನಾನೂ ಮೊದಲ ವರ್ಷ ಪೂರ್ತಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿದೆ. ಪ್ರತಿದಿನ ನಿನ್ನೆಗಿಂತ ಬೇಗ ಮುಗಿಸಬೇಕು ಅನ್ನುವ ಹುಚ್ಚು. ಕೊನೆಗೆ ಮೊಣಕಾಲಿನ ಕೆಳಗಿನ ಮೂಳೆ ಉದ್ದಕ್ಕೂ ನೋವು ಶುರುವಾಗಿ ಎರಡು ತಿಂಗಳು ಸುಮ್ನೆ ಕೂತೆ.

ಹಾಗಾಗಿ ಈ ಬರಹದಲ್ಲಿ ನಿಧಾನಕ್ಕೆ ಓಡಿ ಅನ್ನುವ ಮಾತು ಮತ್ತೆ ಮತ್ತೆ ಬರುತ್ತೆ. ಬೇಜಾರಾದರೂ ಓದಿ.

ಎಷ್ಟು ದೂರ, ಎಷ್ಟು ತಿಂಗಳು

ಮ್ಯಾರಥಾನ್ ಅಂದರೆ 42.195 ಕಿ.ಮೀ. ಹಾಫ್ ಅಂದರೆ ಅದರ ಅರ್ಧ, 21 ಕಿ.ಮೀ. ಮತ್ತು ಸುಮಾರು ನೂರು ಮೀಟರ್. ಮ್ಯಾರಥಾನ್‌ಗಿಂತ ಉದ್ದದ್ದು ಎಲ್ಲವೂ ಅಲ್ಟ್ರಾ. ಈ 42.195 ಅನ್ನುವ ವಿಚಿತ್ರ ಲೆಕ್ಕ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ ದೂರ. ಅದೇ ಅಧಿಕೃತ ಅಂತ ಗಟ್ಟಿಯಾಗಿದ್ದು 1921ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಕಡೆ ಒಂದೊಂದು ದೂರ ಇತ್ತು. 35 ಕಿ.ಮೀ. ದಾಟಿದ ಮೇಲೆ ಯಾಕಪ್ಪಾ 40ಕ್ಕೇ ನಿಲ್ಲಿಸಬಾರದಿತ್ತು ಅಂತ ನಿಮಗೂ ಅನ್ನಿಸುತ್ತೆ, ಆಗ ಬಯ್ಯಲು ಈ ಇಸವಿ ನೆನಪಿರಲಿ.

ಈಗ ಏನೂ ಓಡುತ್ತಿಲ್ಲ ಅಂದರೆ ಹಾಫ್‌ಗೆ ಆರರಿಂದ ಎಂಟು ತಿಂಗಳು ಇಟ್ಟುಕೊಳ್ಳಿ. ಪೂರ್ತಿ ಮ್ಯಾರಥಾನ್‌ಗೆ ಒಂದು ವರ್ಷ, ಅದಕ್ಕಿಂತ ಜಾಸ್ತಿ ಆದರೂ ತಪ್ಪಿಲ್ಲ. ನಾಲ್ಕೇ ತಿಂಗಳಲ್ಲಿ ಮಾಡಿದವರು ಸಿಗುತ್ತಾರೆ. ಅವರಲ್ಲಿ ಎಷ್ಟು ಜನ ಐದನೇ ತಿಂಗಳು ಓಡುತ್ತಿದ್ದಾರೆ ಅಂತಲೂ ಕೇಳಿ ನೋಡಿ. ಎದೆನೋವು, ತಲೆಸುತ್ತು, ಬಿಪಿ, ಸಕ್ಕರೆ ಕಾಯಿಲೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆದವರು, ಇದರಲ್ಲಿ ಯಾವುದಾದರೂ ಒಂದಿದ್ದರೆ ಶೂ ಕೊಳ್ಳುವ ಮುಂಚೆ ಡಾಕ್ಟರನ್ನು ನೋಡಿ.

ಮೊದಲ ಎರಡು ತಿಂಗಳು: ಓಟ, ನಡಿಗೆ, ಓಟ, ನಡಿಗೆ

ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೇ ಸುತ್ತು. ಒಂದೆರಡು ವಾರಕ್ಕೆ ಇದು ಸಲೀಸು ಅನ್ನಿಸಿದರೆ ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆ ಮಾಡಿ, ಆಮೇಲೆ ನಾಲ್ಕಕ್ಕೆ ಒಂದು, ಹೀಗೆ ಏರಿಸುತ್ತಾ ಹೋದರೆ ಎರಡು ತಿಂಗಳ ಹೊತ್ತಿಗೆ ಅರ್ಧ ಗಂಟೆ ನಿಲ್ಲದೆ ಓಡುವುದು ಬಹಳ ಜನರಿಗೆ ಸಾಧ್ಯವಾಗುತ್ತೆ. ಆಗದಿದ್ದರೆ ಅದೇ ವಾರವನ್ನು ಮತ್ತೊಂದು ಸಲ ಮಾಡಿ, ಯಾರೂ ಲೆಕ್ಕ ಇಟ್ಟಿಲ್ಲ.

ನಡೆಯುವುದು ಅವಮಾನ ಅಂದುಕೊಳ್ಳಬೇಡಿ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಆಮೇಲೆ ಹೆಸರು ಮಾಡಿದ್ದೇ ಈ ಓಡು-ನಡೆ ವಿಧಾನದಿಂದ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮುಂಚೆಯೇ ನಡೆಯುವುದು ಅದರ ಗುಟ್ಟು. ಇದೇ ರೀತಿಯಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸುವವರೂ ಇದ್ದಾರೆ, ಒಂದೇ ಸಮ ಓಡಿ ಕೊನೆಯಲ್ಲಿ ಕುಂಟುವವರನ್ನು ಹಿಂದೆ ಹಾಕಿ.

ನಿಧಾನ ಅಂದರೆ ಎಷ್ಟು ನಿಧಾನ?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಅಳತೆಗೋಲು ಸುಲಭ: ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. "ಹೂಂ", "ಹೌದು", "ಆಮೇಲೆ" ಅಂತ ಒಂದೊಂದೇ ಪದ ಹೊರಗೆ ಬರುತ್ತಿದ್ದರೆ ವೇಗ ಜಾಸ್ತಿ ಆಯಿತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ನಿಮ್ಮಷ್ಟಕ್ಕೆ ಮಾತಾಡಿಕೊಳ್ಳಿ. ನೋಡುವವರು ಏನಾದರೂ ಅಂದುಕೊಳ್ಳಲಿ.

ಗಡಿಯಾರದಲ್ಲಿ ಹೃದಯ ಬಡಿತ ತೋರಿಸುತ್ತೆ ಅಲ್ವಾ ಅನ್ನುತ್ತೀರಿ. ತೋರಿಸುತ್ತೆ. ಆದರೆ ಮಣಿಕಟ್ಟಿನ ಸೆನ್ಸರ್ ಎಷ್ಟೋ ಸಲ ತಪ್ಪು ಓದುತ್ತೆ, ಮೇಲಾಗಿ ಹೃದಯದ ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಸೂತ್ರ ಸರಾಸರಿ ಲೆಕ್ಕ ಅಷ್ಟೇ. ಅದು ಒಬ್ಬೊಬ್ಬರಿಗೆ ಹತ್ತು ಹದಿನೈದು ಬಡಿತ ಆಚೀಚೆ ಆಗಬಹುದು. ಮಾತಿನ ಪರೀಕ್ಷೆಗೆ ಬ್ಯಾಟರಿಯೂ ಬೇಡ.

ನಿಧಾನಕ್ಕೆ ಓಡಿದರೆ ಏನು ಲಾಭ? ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಮೈ ಕೊಬ್ಬನ್ನು ಉರಿಸಿಕೊಂಡು ಓಡುವುದನ್ನು ಕಲಿಯುತ್ತೆ. ಇದಕ್ಕೆಲ್ಲ ಬೇಕಾಗಿರುವುದು ಹೊತ್ತು. ಏದುಸಿರು ಬಿಡುತ್ತಾ ನೀವು ಇಪ್ಪತ್ತು ನಿಮಿಷ ಓಡಬಹುದು, ಆರಾಮಾಗಿ ಎರಡು ಗಂಟೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತೆ. ಎದೆ, ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ, ಆದರೆ ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಮೂರನೇ ತಿಂಗಳಲ್ಲಿ "ಅರೆ, ಈಗ ಸುಸ್ತೇ ಆಗಲ್ಲ" ಅನ್ನಿಸುತ್ತೆ ನೋಡಿ, ಪೆಟ್ಟು ಬೀಳುವುದು ಸಾಮಾನ್ಯವಾಗಿ ಆಗಲೇ. ಎಂಜಿನ್ ದೊಡ್ಡದಾಗಿದೆ, ಚಾಸಿ ಇನ್ನೂ ಹಳೆಯದು.

ಇದು ಸೋಮಾರಿಗಳು ಕಟ್ಟಿದ ನೆಪ ಅಂತ ಅನುಮಾನ ಇದ್ದರೆ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಬಗ್ಗೆ ಕೇಳಿ. ಅವನು ತನ್ನ ಹುಡುಗರನ್ನು ತಿಂಗಳುಗಟ್ಟಲೆ ಬರೀ ದೂರ ಓಡಿಸುತ್ತಿದ್ದ. ಅವರಲ್ಲಿ ಪೀಟರ್ ಸ್ನೆಲ್ ಓಡುತ್ತಿದ್ದುದು 800 ಮೀಟರ್, ಅಂದರೆ ಎರಡು ನಿಮಿಷದೊಳಗಿನ ಆಟ. ಅವನನ್ನೂ ಬಿಡಲಿಲ್ಲ, ಗುಡ್ಡ ಹತ್ತಿಳಿಯುವ 35 ಕಿ.ಮೀ. ದಾರಿಯಲ್ಲಿ ಎಲ್ಲರ ಜೊತೆ ಓಡಿಸಿದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದ. ಅದೇ ದಿನ ಲಿಡಿಯಾರ್ಡ್‌ನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರ್ ಗೆದ್ದ. ಮ್ಯಾರಥಾನ್‌ನಲ್ಲಿ ಬ್ಯಾರಿ ಮ್ಯಾಗೀಗೆ ಕಂಚು ಬಂತು. ಅವರ "ಆರಾಮ" ನಮಗೆ ಪ್ರಾಣಸಂಕಟ, ಅದು ಬೇರೆ ಮಾತು. ಆದರೆ ಕ್ರಮ ಅದೇ: ಮೊದಲು ದೂರ, ಆಮೇಲೆ ವೇಗ.

ವಾರವನ್ನು ಹೊಂದಿಸುವುದು

ಅರ್ಧ ಗಂಟೆ ಸಲೀಸಾಗಿ ಓಡುವ ಹಂತಕ್ಕೆ ಬಂದ ಮೇಲೆ ವಾರಕ್ಕೆ ನಾಲ್ಕು ದಿನ ಮಾಡಿ. ಕೆಲಸ, ಮನೆ ಇರುವವರಿಗೆ ನಾಲ್ಕು ಸಾಕು. ಎರಡು ದಿನ 40–50 ನಿಮಿಷದ ಆರಾಮ ಓಟ, ಒಂದು ದಿನ ಸ್ವಲ್ಪ ಚುರುಕು (ಮೊದಲ ಮೂರ್ನಾಲ್ಕು ತಿಂಗಳು ಅದೂ ಆರಾಮ ಓಟವೇ), ರಜಾ ದಿನ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ. ಚುರುಕು ಓಟ ಮತ್ತು ಲಾಂಗ್ ರನ್ ಅಕ್ಕಪಕ್ಕದ ದಿನ ಬರದಂತೆ ನೋಡಿಕೊಳ್ಳಿ. ಮಿಕ್ಕ ಮೂರು ದಿನದಲ್ಲಿ ಒಂದೆರಡು ದಿನ ಕಾಲು ಗಟ್ಟಿ ಮಾಡುವ ವ್ಯಾಯಾಮ, ಒಂದು ದಿನ ಪೂರ್ತಿ ರಜೆ.

ವಾರಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ಏರಿಸಬೇಡಿ ಅಂತ ಒಂದು ನಿಯಮ ಎಲ್ಲರ ಬಾಯಲ್ಲೂ ಇದೆ. ಅದೇನು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ವಾರಕ್ಕೆ 15 ಕಿ.ಮೀ. ಓಡುವವರಿಗೆ ಒಂದೂವರೆ ಕಿಲೋಮೀಟರ್ ಏರಿಸುವುದು ತೀರಾ ಕಮ್ಮಿ, 70 ಓಡುವವರಿಗೆ ಏಳು ಏರಿಸುವುದು ಜಾಸ್ತಿಯೂ ಆಗಬಹುದು. ನಾನು ಮಾಡುವುದು ಇಷ್ಟು: ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಕಾಲು ಭಾಗ ಇಳಿಸುತ್ತೇನೆ. ಆ ಇಳಿಸುವ ವಾರದಲ್ಲಿ ಕೈಕಾಲು ಕಡಿಯುತ್ತೆ, ಓಡೋಣ ಅನ್ನಿಸುತ್ತೆ. ಓಡಬೇಡಿ. ಓಡಿದಾಗ ಮೈಗೆ ಸವೆತ ಆಗುತ್ತೆ, ಗಟ್ಟಿಯಾಗುವುದು ಮಲಗಿದಾಗ. ನಿದ್ದೆ ಆರು ಗಂಟೆಗಿಂತ ಕಮ್ಮಿ ಆದ ಮರುದಿನ ಚುರುಕು ಓಟ ಇದ್ದರೆ ಅದನ್ನು ಆರಾಮ ಓಟ ಮಾಡಿಬಿಡಿ.

ಲಾಂಗ್ ರನ್

ಮ್ಯಾರಥಾನ್ ತಯಾರಿಯ ಬೆನ್ನೆಲುಬು ಇದೇ. ಒಂದು ಗಂಟೆಯಿಂದ ಶುರು ಮಾಡಿ, ವಾರಕ್ಕೆ 10–15 ನಿಮಿಷ ಏರಿಸಿ. ಕಿಲೋಮೀಟರ್‌ಗಿಂತ ನಿಮಿಷದ ಲೆಕ್ಕ ಇಟ್ಟರೆ ವೇಗ ಹೆಚ್ಚಿಸುವ ಆಸೆ ಬರುವುದಿಲ್ಲ, ಬೇಗ ಓಡಿದರೂ ಬೇಗ ಮುಗಿಯುವುದಿಲ್ಲವಲ್ಲ! ಹಾಫ್‌ಗೆ 16–18 ಕಿ.ಮೀ. ತನಕ ಹೋದರೆ ಸಾಕು. ಮ್ಯಾರಥಾನ್‌ಗೆ 28–32. ನಿಧಾನಕ್ಕೆ ಓಡುವವರಿಗೆ 32 ಅಂದರೆ ನಾಲ್ಕು ಗಂಟೆ ದಾಟಬಹುದು, ಅಂಥವರು ಮೂರೂವರೆ ಗಂಟೆಗೆ ನಿಲ್ಲಿಸಿಬಿಡಿ. ಅದರಾಚೆಗೆ ಸಿಗುವ ಲಾಭಕ್ಕಿಂತ ಚೇತರಿಸಿಕೊಳ್ಳಲು ಹೋಗುವ ದಿನಗಳೇ ಹೆಚ್ಚು.

"ತಯಾರಿಯಲ್ಲಿ 42 ಓಡದೆ ಆ ದಿನ ಹೇಗೆ ಓಡುವುದು?" ಇದು ಎಲ್ಲರೂ ಕೇಳುವ ಪ್ರಶ್ನೆ. ಒಂದು ಲಾಂಗ್ ರನ್‌ನಿಂದ ಮ್ಯಾರಥಾನ್ ಆಗುವುದಿಲ್ಲ. ನಾಲ್ಕೈದು ತಿಂಗಳ ಎಲ್ಲ ಓಟಗಳೂ ಸೇರಿ ಆಗುತ್ತೆ.

ಚುರುಕು ಓಟ ಯಾವಾಗ?

ಮೂರ್ನಾಲ್ಕು ತಿಂಗಳ ತಳಪಾಯ ಬಿದ್ದ ಮೇಲೆ, ವಾರಕ್ಕೆ ಒಂದೇ ಸಲ. ಶುರುವಿನಲ್ಲಿ ಆರಾಮ ಓಟದ ಕೊನೆಗೆ ಇಪ್ಪತ್ತು ಸೆಕೆಂಡಿನ ನಾಲ್ಕಾರು ಚುರುಕು ಓಟ, ನಡುವೆ ಒಂದು ನಿಮಿಷ ನಡಿಗೆ. ಪೂರ್ತಿ ಶಕ್ತಿ ಹಾಕಿ ಅಲ್ಲ, ಹಗುರಾಗಿ. ಆಮೇಲೆ ಟೆಂಪೋ: ಮೈ ಬಿಸಿಯಾಗಲು ಹದಿನೈದು ನಿಮಿಷ ಆರಾಮ ಓಟ, ಇಪ್ಪತ್ತು ನಿಮಿಷ "ಕಷ್ಟ, ಆದರೆ ಇನ್ನೂ ಓಡಬಲ್ಲೆ" ಅನ್ನುವ ವೇಗ, ಮತ್ತೆ ಹತ್ತು ನಿಮಿಷ ಆರಾಮ. ಕೊನೆಯ ಎಂಟು ವಾರಗಳಲ್ಲಿ ಕೆಲವು ಲಾಂಗ್ ರನ್‌ಗಳ ಕೊನೆಯ 8–10 ಕಿ.ಮೀ. ಸ್ಪರ್ಧೆಯ ದಿನ ಓಡಬೇಕೆಂದಿರುವ ವೇಗದಲ್ಲಿ ಓಡಿ. ಸುಸ್ತಾದ ಕಾಲಿನಲ್ಲಿ ಆ ವೇಗ ಹೇಗಿರುತ್ತೆ ಅಂತ ಗೊತ್ತಾಗುತ್ತೆ, ಗುರಿ ತೀರಾ ಆಸೆಬುರುಕತನದ್ದಾಗಿದ್ದರೆ ಅದೂ ಗೊತ್ತಾಗುತ್ತೆ.

ಚೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೊಪೆಕ್ ದಿನಕ್ಕೆ 400 ಮೀಟರ್ ಸುತ್ತುಗಳನ್ನು ಹತ್ತಾರು ಸಲ ಓಡುತ್ತಿದ್ದ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000 ಮತ್ತು ಜೀವನದ ಮೊದಲ ಮ್ಯಾರಥಾನ್ ಮೂರನ್ನೂ ಗೆದ್ದ. ಓದಲು ಮೈ ಜುಮ್ ಅನ್ನುತ್ತೆ. ನಾವು ಅದನ್ನು ಮನೆಯಲ್ಲಿ ಮಾಡಿ ನೋಡುವುದು ಬೇಡ.

ವ್ಯಾಯಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು, ಬಸ್ಕಿ, ಮುಂದೆ ಕಾಲಿಟ್ಟು ಬಗ್ಗುವ ಲಂಜ್, ಪ್ಲ್ಯಾಂಕ್. ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಹಿಮ್ಮಡಿ ಎತ್ತುವುದೊಂದನ್ನಂತೂ ಬಿಡಬೇಡಿ. ಮೀನಖಂಡ ಸೋತರೆ ಭಾರವೆಲ್ಲ ಹಿಮ್ಮಡಿಯ ಸ್ನಾಯುರಜ್ಜಿನ ಮೇಲೆ ಬೀಳುತ್ತೆ, ಅದು ಒಮ್ಮೆ ಮುನಿಸಿಕೊಂಡರೆ ಬೇಗ ಸಮಾಧಾನ ಆಗುವ ಜಾತಿಯದಲ್ಲ.

ನೋವು: ಯಾವುದು ಸರಿ, ಯಾವುದು ಅಲ್ಲ

ಎರಡೂ ಕಾಲು ಒಂದೇ ಥರ ಬಿಗಿ, ಓಡುತ್ತಾ ಓಡುತ್ತಾ ಸಡಿಲ ಆಗುತ್ತೆ ಅಂದರೆ ಅದು ಮಾಮೂಲು. ಒಂದೇ ಕಾಲು, ಒಂದೇ ಜಾಗ, ಓಡಿದಷ್ಟೂ ಜಾಸ್ತಿ ಆಗುತ್ತೆ ಅಂದರೆ ಅಲ್ಲೇ ನಿಲ್ಲಿಸಿ. ನೋವಿಗೆ ನಿಮ್ಮ ಹೆಜ್ಜೆಯೇ ಬದಲಾಗುತ್ತಿದ್ದರೆ ಅವತ್ತಿನ ಓಟ ಮುಗಿಯಿತು. ಕಾಲಿನ ಮೂಳೆ ಮೇಲೆ ಒಂದು ಬೆರಳಿನಷ್ಟು ಜಾಗ ಒತ್ತಿದರೆ ಚುರುಕ್ ಅನ್ನುತ್ತೆ, ರಾತ್ರಿ ಮಲಗಿದಾಗಲೂ ನೋಯುತ್ತೆ ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಅದಕ್ಕೆ ಡಾಕ್ಟರೇ ಬೇಕು, ಎಣ್ಣೆ ತಿಕ್ಕಿ ಕಾಯುವ ವಿಷಯ ಅಲ್ಲ. ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸವಂತೂ ಖಂಡಿತ ಬೇಡ: ಐಬುಪ್ರೊಫೇನ್ ಥರದ ಮಾತ್ರೆ, ಬೆವರಿ ಒಣಗಿದ ಮೈ, ಗಂಟೆಗಟ್ಟಲೆ ಓಟ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು.

ಶೂ ಬಗ್ಗೆ ಎರಡು ಮಾತು. ತುದಿ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ, ಓಡುವಾಗ ಪಾದ ಊದುತ್ತೆ. ಜಾಗ ಇಲ್ಲದಿದ್ದರೆ ಉಗುರು ಕಪ್ಪಾಗಿ ಉದುರುತ್ತೆ. ಕೊಳ್ಳುವಾಗ ಅಂಗಡಿಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ನೋಡಿ, ಯಾವುದು ಹಿತವಾಗಿದೆಯೋ ಅದೇ ನಿಮ್ಮದು. ಸಾಮಾನ್ಯವಾಗಿ 500ರಿಂದ 800 ಕಿ.ಮೀ.ಗೆ ಬದಲಾಯಿಸಬೇಕಾಗುತ್ತೆ.

ಹೊಟ್ಟೆ ಮತ್ತು ನೀರು

32ನೇ ಕಿಲೋಮೀಟರ್ ಹತ್ತಿರ ಎಷ್ಟೋ ಜನ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ. ಮನಸ್ಸು ಗಟ್ಟಿ ಇರಲಿಲ್ಲ ಅಂತ ಆಗ ನನ್ನನ್ನೇ ಬಯ್ದುಕೊಂಡೆ, ಆದರೆ ಅದು ಬರೀ ಲೆಕ್ಕ. ಒಂದು ಕಿಲೋಮೀಟರ್ ಓಡಲು ಮೈತೂಕದ ಒಂದು ಕೆ.ಜಿ.ಗೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ ಖರ್ಚು. 70 ಕೆ.ಜಿ. ಇರುವವರಿಗೆ 42 ಕಿ.ಮೀ. ಅಂದರೆ ಸುಮಾರು 2,900. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ರೂಪದಲ್ಲಿ ಕೂಡಿಟ್ಟಿರುವುದು ಸುಮಾರು 2,000. ಮಿಕ್ಕಿದ್ದನ್ನು ಕೊಬ್ಬು ಕೊಡುತ್ತೆ, ಆದರೆ ಕೊಬ್ಬು ನಿಧಾನಕ್ಕೆ ಉರಿಯುವ ಸೌದೆ. ವೇಗವಾಗಿ ಓಡಿದಷ್ಟೂ ಗ್ಲೈಕೋಜನ್ ಬೇಗ ಖಾಲಿ, ನಿಧಾನಕ್ಕೆ ಓಡಿದಷ್ಟೂ ಕೊಬ್ಬಿನ ಪಾಲು ಜಾಸ್ತಿ. ಮತ್ತೆ ಅದೇ ಮಾತಿಗೆ ಬಂದೆವು ನೋಡಿ.

ಹಾಗಾಗಿ ಒಂದೂವರೆ ಗಂಟೆ ದಾಟುವ ಓಟಗಳಲ್ಲಿ ಓಡುತ್ತಲೇ ತಿನ್ನಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಜೆಲ್‌ನಲ್ಲಿ (ಓಡುತ್ತಲೇ ಹೀರುವ ಸಿಹಿ ಪಾಕದ ಪುಟ್ಟ ಪ್ಯಾಕೆಟ್) ಸಾಮಾನ್ಯವಾಗಿ 20–25 ಗ್ರಾಂ ಇರುತ್ತೆ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೂ ಸುಮಾರು ಅಷ್ಟೇ. ಹಸಿವಾದ ಮೇಲೆ ತಿಂದರೆ ತಡವಾಯಿತು, ಮೊದಲ ಮುಕ್ಕಾಲು ಗಂಟೆಯೊಳಗೆ ಶುರು ಮಾಡಿ. ಮತ್ತು ಇದನ್ನು ಲಾಂಗ್ ರನ್‌ಗಳಲ್ಲಿ ಅಭ್ಯಾಸ ಮಾಡಿಯೇ ಇರಬೇಕು. ಓಡುವಾಗ ಹೊಟ್ಟೆಗೆ ರಕ್ತ ಕಮ್ಮಿ ಹೋಗುತ್ತೆ, ಅಭ್ಯಾಸ ಇಲ್ಲದ ಹೊಟ್ಟೆ ಏನು ಮಾಡುತ್ತೆ ಅಂತ ವಿವರಿಸುವುದು ಬೇಡ. ನಾನು ಒಮ್ಮೆ ದಾರಿಯಲ್ಲಿ ಕೊಟ್ಟ ಹೊಸ ಜೆಲ್ ತಿಂದು ಆಮೇಲಿನ ಐದು ಕಿಲೋಮೀಟರ್ ಬರೀ ಶೌಚಾಲಯ ಹುಡುಕುತ್ತಾ ಓಡಿದೆ.

ನೀರು ಕಮ್ಮಿಯಾದರೆ ಕಷ್ಟ ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದರೆ ಅದಕ್ಕಿಂತ ಅಪಾಯ ಅಂತ ಹಲವರಿಗೆ ಗೊತ್ತಿಲ್ಲ. ದಾರಿಯಲ್ಲಿ ನೀರು ಕೊಡುವ ಪ್ರತಿ ಮೇಜಿನಲ್ಲೂ ಲೋಟಗಟ್ಟಲೆ ಕುಡಿಯುತ್ತಾ ಐದು ಗಂಟೆ ಓಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ, ತಲೆನೋವು, ವಾಂತಿ, ಗೊಂದಲ ಶುರುವಾಗಿ, ಮೆದುಳು ಊದಿ ಜೀವಕ್ಕೇ ಕುತ್ತು ಬರಬಹುದು. ಬಾಯಾರಿದಾಗ ಕುಡಿಯಿರಿ. ಲಾಂಗ್ ರನ್‌ಗೆ ಮುಂಚೆ ಮತ್ತು ಆಮೇಲೆ ತೂಕ ನೋಡಿ: ಸ್ವಲ್ಪ ಇಳಿದಿದ್ದರೆ ಸರಿ, ಏರಿದ್ದರೆ ಕುಡಿದದ್ದು ಜಾಸ್ತಿ. ಬಿಸಿಲಿಗೆ ಒಗ್ಗಲು ಮೈಗೆ ಹತ್ತರಿಂದ ಹದಿನಾಲ್ಕು ದಿನ ಬೇಕು, ಅಲ್ಲಿಯವರೆಗೆ ವೇಗ ಇಳಿಸಿ ಓಡಿ.

ಕೊನೆಯ ಮೂರು ವಾರ

ಕೊನೆಯ ದೊಡ್ಡ ಲಾಂಗ್ ರನ್ ಸ್ಪರ್ಧೆಗೆ ಮೂರು ವಾರ ಇರುವಾಗ ಮುಗಿಯಲಿ. ಆಮೇಲೆ ದೂರ ಇಳಿಸುತ್ತಾ ಬನ್ನಿ, ಕೊನೆಯ ವಾರ ಮಾಮೂಲಿನ ಅರ್ಧಕ್ಕಿಂತ ಕಮ್ಮಿ. ಇದಕ್ಕೆ ಟೇಪರ್ ಅನ್ನುತ್ತಾರೆ. ಓಡುವ ದಿನಗಳನ್ನು ತೀರಾ ಕಡಿಮೆ ಮಾಡಬೇಡಿ, ಸ್ವಲ್ಪ ಚುರುಕು ಓಟವೂ ಇರಲಿ, ಉದ್ದ ಮಾತ್ರ ಕಮ್ಮಿ. ಈ ಹೊತ್ತಿಗೆ ಇಲ್ಲದ ನೋವೆಲ್ಲ ಕಾಣಿಸಿಕೊಳ್ಳುತ್ತೆ. ಮೊಣಕಾಲು ಕಟ್ ಅನ್ನುತ್ತೆ, ಗಂಟಲು ಕೆರೆಯುತ್ತೆ, ರಾತ್ರಿ ಎಚ್ಚರವಾಗಿ "ಇನ್ನೊಂದು 30 ಓಡಬೇಕಿತ್ತೇನೋ" ಅನ್ನಿಸುತ್ತೆ. ಎಲ್ಲರಿಗೂ ಆಗುವುದೇ. ತಪ್ಪಿಹೋದ ಓಟಗಳನ್ನು ಈಗ ತುಂಬಿಸಲು ಹೋಗಬೇಡಿ. ಕೊನೆಯ ಎರಡು ದಿನ ತಟ್ಟೆಯಲ್ಲಿ ಕಾರ್ಬೋಹೈಡ್ರೇಟ್ ಜಾಸ್ತಿ ಇರಲಿ, ನಾರು ಮತ್ತು ಎಣ್ಣೆ ಕಮ್ಮಿ.

ಹಿಂದಿನ ರಾತ್ರಿ ನಿಮ್ಮ ನಂಬರ್ ಇರುವ ಬಿಬ್ ಅನ್ನು ಅಂಗಿಗೆ ಪಿನ್ ಮಾಡಿ, ಬಟ್ಟೆ ಎಲ್ಲ ಒಂದು ಕಡೆ ಇಡಿ. ಹೊಸ ಶೂ, ಹೊಸ ಸಾಕ್ಸ್, ಹೊಸ ಬನಿಯನ್ ಯಾವುದೂ ಬೇಡ. ತೊಡೆ, ಕಂಕುಳು, ಗಂಡಸರು ಮೊಲೆತೊಟ್ಟಿಗೂ ವ್ಯಾಸಲೀನ್ ಹಚ್ಚಿ. ನಗಬೇಡಿ, ಹಚ್ಚದೆ ಓಡಿದವರ ಅಂಗಿ ಮೇಲೆ ರಕ್ತದ ಎರಡು ಗೆರೆ ನೋಡಿದ್ದೇನೆ. ನಿದ್ದೆ ಬಾರದಿದ್ದರೆ ಚಿಂತೆ ಬೇಡ, ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದರೆ ಸಾಕು.

ಆ ದಿನ

ಮೊದಲ ಐದು ಕಿಲೋಮೀಟರ್‌ನಲ್ಲಿ ಎಲ್ಲರೂ ನಿಮ್ಮನ್ನು ದಾಟಿಕೊಂಡು ಹೋಗಬೇಕು. ಹಾಗೆ ಆಗದಿದ್ದರೆ ನೀವು ತಪ್ಪು ಮಾಡುತ್ತಿದ್ದೀರಿ ಅಂತ ಅರ್ಥ. ವಾರಗಟ್ಟಲೆ ವಿಶ್ರಾಂತಿ ಪಡೆದ ಕಾಲು, ಸುತ್ತ ಗದ್ದಲ, ಜನ ಚಪ್ಪಾಳೆ ತಟ್ಟುತ್ತಾರೆ, ಆಗ ಯಾವ ವೇಗವೂ ಹಗುರ ಅನ್ನಿಸುತ್ತೆ. ಅಂದುಕೊಂಡ ವೇಗಕ್ಕಿಂತ ಕಿಲೋಮೀಟರಿಗೆ ಹತ್ತು ಹದಿನೈದು ಸೆಕೆಂಡ್ ನಿಧಾನಕ್ಕೆ ಶುರು ಮಾಡಿ. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೋದಲ್ಲಿ 2 ಗಂಟೆ 35 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗ ಮೊದಲರ್ಧಕ್ಕೆ 60 ನಿಮಿಷ 48 ಸೆಕೆಂಡ್ ತೆಗೆದುಕೊಂಡ, ಎರಡನೆಯದಕ್ಕೆ 59 ನಿಮಿಷ 47 ಸೆಕೆಂಡ್. ಅಂಥವನೇ ಮೊದಲರ್ಧದಲ್ಲಿ ಬ್ರೇಕ್ ಹಿಡಿದು ಓಡಿದ.

30 ಕಿ.ಮೀ. ತನಕ ಬೋರ್ ಹೊಡೆಯುವ ಹಾಗಿರಲಿ. ಅಲ್ಲಿಂದ ಮುಂದೆ ಪೂರ್ತಿ ದೂರವನ್ನು ಯೋಚಿಸಬೇಡಿ, ಮುಂದಿನ ನೀರಿನ ಮೇಜಿನ ತನಕ ಅಷ್ಟೇ. ಮೇಜಿನ ಹತ್ತಿರ ನಡೆದುಕೊಂಡೇ ಕುಡಿಯಿರಿ, ಇಪ್ಪತ್ತು ಸೆಕೆಂಡಿಗೆ ಏನೂ ಹೋಗುವುದಿಲ್ಲ. ಎದೆ ಹಿಂಡಿದಂತಾದರೆ, ಬಿಸಿಲಲ್ಲೂ ಚಳಿ ಹತ್ತಿದರೆ, ದಾರಿ ಮಸುಕಾದರೆ ನಿಲ್ಲಿಸಿ, ಅಲ್ಲಿರುವವರನ್ನು ಕರೆಯಿರಿ. ಇನ್ನೊಂದು ಮ್ಯಾರಥಾನ್ ಬಂದೇ ಬರುತ್ತೆ.

ಮುಗಿದ ಕೂಡಲೇ ಕೂರಬೇಡಿ, ಹತ್ತು ಹದಿನೈದು ನಿಮಿಷ ಸುಮ್ನೆ ನಡೆದಾಡಿ, ಏನಾದರೂ ತಿನ್ನಿ, ಒಣಗಿದ ಬಟ್ಟೆ ಹಾಕಿಕೊಳ್ಳಿ. ಒಂದು ವಾರ ಓಟ ಬೇಡ, ಎರಡನೇ ವಾರ ಅರ್ಧ ಗಂಟೆಯ ಆರಾಮ ಓಟ ಎರಡು ಮೂರು ಸಲ. ಮೆಡಲ್ ಕೊರಳಲ್ಲಿ ಇರುವಾಗಲೇ ಫೋನ್ ತೆಗೆದು ಮುಂದಿನ ತಿಂಗಳ ಓಟಕ್ಕೆ ಹೆಸರು ಕೊಡುವವರಿದ್ದಾರೆ, ಮರುದಿನ ಮೆಟ್ಟಿಲು ಇಳಿಯುವ ತನಕ ಕಾಯಿರಿ. ಇಳಿಯುವಾಗ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಿರಿ, ತೊಡೆ ಅಷ್ಟು ನೋಯುವುದಿಲ್ಲ.